ಬಿಸಿಲಿಗೆ ಹೆದರುವ ಹುಡುಗಿ

ಮಗಳ ಲ್ಯಾಪ್‌ಟಾಪಿನೊಳಗಿನ ಹುಡುಗ ಬಿಸಿಲಿಗೆ ಬಂದ ಕೂಡಲೇ ಹೊತ್ತಿಕೊಂಡು ಉರಿಯತೊಡಗಿದ. ನಾನು ಒಗೆದ ಬಟ್ಟೆಯ ಬುಟ್ಟಿ ಹಿಡಿದು ಅವಳ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಯಾರೋ ಬರೆದ ಚಿತ್ರ ಅಂತ ಗೊತ್ತಿದ್ದರೂ ಎದೆ ಧಸಕ್ಕೆಂದಿತು. ಅವನು ಕಿರುಚುತ್ತಿದ್ದ. ನನ್ನ ಮಗಳು ಹಾಸಿಗೆಯ ಮೇಲೆ ಕಾಲು ಮಡಚಿ ಕೂತು, ದೊಡ್ಡ ಸ್ಟೀಲ್ ಲೋಟದಿಂದ ಐಸ್ ತುಂಡುಗಳನ್ನು ಬಾಯಿಗೆ ಹಾಕಿಕೊಂಡು ಕಟಕಟ ಅಗಿಯುತ್ತಾ ನೋಡುತ್ತಿದ್ದಳು.

“ಏನೇ ಇದು?” ಎಂದೆ.

“ವ್ಯಾಂಪೈರ್ ಸ್ಟೋರಿ, ಅಮ್ಮೀ. ಜಪಾನೀಸ್. ಇಟ್ಸ್ ಅ ಟ್ರಿಲಜಿ.”

ಅವಳಿಗೆ ಹದಿನೈದು ವರ್ಷ. ನಾವಿರುವುದು ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನಲ್ಲಿ. ಮನೆಯಲ್ಲಿ ಮಾತು ಉರ್ದು, ಕನ್ನಡ, ಇಂಗ್ಲಿಷಿನ ಕಲಸುಮೇಲೋಗರ. ನಾನೂ ನನ್ನ ಗಂಡನೂ ಮೈಸೂರಿನಲ್ಲಿ ಕನ್ನಡ ಮೀಡಿಯಮ್ಮಿನಲ್ಲಿ ಓದಿದವರು. ಜಗಳಕ್ಕೂ ಭಯಕ್ಕೂ ನನ್ನ ಬಾಯಿಗೆ ಮೊದಲು ಬರುವುದು ಕನ್ನಡವೇ. ಮಗಳು ಮಾತ್ರ ಯಾವ ಭಾಷೆಯಲ್ಲಿ ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ಕಥೆಯನ್ನು ಅವಳೇ ಹೇಳಿದಳು. ಒಬ್ಬ ಹೈಸ್ಕೂಲು ಹುಡುಗ, ಶಾಲೆಗೆ ರಜೆ. ಸಾಯುತ್ತಾ ಬಿದ್ದಿರುವ ಒಬ್ಬ ಹೆಣ್ಣು ರಕ್ತಪಿಶಾಚಿ ಅವನ ಕಣ್ಣಿಗೆ ಬೀಳುತ್ತಾಳೆ. ಮೊದಲು ಹೆದರಿ ಓಡುತ್ತಾನೆ, ಆಮೇಲೆ ಮನಸ್ಸು ತಡೆಯದೆ ಹಿಂತಿರುಗಿ ಬಂದು ತನ್ನ ರಕ್ತವನ್ನೇ ಕೊಡುತ್ತಾನೆ. ಎಚ್ಚರವಾದಾಗ ತಾನೂ ಪಿಶಾಚಿಯಾಗಿದ್ದಾನೆ. ಮತ್ತೆ ಮನುಷ್ಯನಾಗಲು ಅವನು ಪಡುವ ಪಾಡೇ ಉಳಿದ ಕಥೆ.

“ಇಷ್ಟಕ್ಕೆ ಮೂರು ಸಿನಿಮಾ ಬೇಕಾ? ನಮ್ಮವರಾದರೆ ಇಂಟರ್ವಲ್ ಹೊತ್ತಿಗೆ ಮುಗಿಸೋರು,” ಎಂದೆ. ಅವಳು ನಗಲಿಲ್ಲ. ಎರಡು ಭಾಗಗಳನ್ನು ರಂಜಾನಿಗೆ ಮುಂಚೆ ನೋಡಿ ಮುಗಿಸುವುದು, ಮೂರನೆಯದನ್ನು ಈದ್ ದಿನ ನೋಡುವುದು ಅಂತ ಲೆಕ್ಕ ಹಾಕಿದ್ದಳು. ರಂಜಾನಿನ ತಿಂಗಳು ನಮ್ಮ ಮನೆಯಲ್ಲಿ ಸಿನಿಮಾ ಇಲ್ಲ. ಅದು ನನ್ನ ಕಾನೂನು.

ನಾನು ಕೆಲಸ ಮಾಡುವುದು ಒಂದು ಔಷಧಿ ಅಂಗಡಿಯಲ್ಲಿ, ಮಾತ್ರೆ ಎಣಿಸಿ ಡಬ್ಬಿಗೆ ಹಾಕುವ ಕೆಲಸ. ಮಾರನೆಯ ದಿನ ಊಟದ ವಿರಾಮದಲ್ಲಿ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು, ಫೋನಿನಲ್ಲಿ ಆ ಮೊದಲ ಭಾಗ ಹಾಕಿದೆ. ಮಗಳು ಏನು ನೋಡುತ್ತಾಳೋ ಅದನ್ನು ತಾಯಿಯೂ ನೋಡಬೇಕು ಅನ್ನುವುದು ನನ್ನ ಇನ್ನೊಂದು ಕಾನೂನು. ನೋಡಬಾರದಿತ್ತು. ಖಾಲಿ ರೈಲು ನಿಲ್ದಾಣ, ಮಾತಿಲ್ಲದ ಉದ್ದುದ್ದ ನಡಿಗೆ, ಆಮೇಲೆ ನೆಲದ ತುಂಬ ರಕ್ತ. ಅಷ್ಟು ಕೆಂಪನ್ನು ಯಾರಾದರೂ ಕೂತು ಕೈಯಿಂದ ಬರೆಯುತ್ತಾರಾ? ಸ್ಯಾಂಡ್‌ವಿಚ್ ಹಾಗೇ ಉಳಿಯಿತು. ಆ ಹುಡುಗ ಕುತ್ತಿಗೆ ಒಡ್ಡುವಾಗ ಅವನ ಮುಖದಲ್ಲಿದ್ದ ಒಂಥರಾ ಸೋತ ಶಾಂತಿ ನನಗೆ ಇಷ್ಟವಾಗಲಿಲ್ಲ. ಅಂಥದೇ ಮುಖವನ್ನು ಇತ್ತೀಚೆಗೆ ಎಲ್ಲೋ ನೋಡಿದ್ದೇನೆ ಅನ್ನಿಸಿತು. ಸಂಜೆ ಮನೆಗೆ ಬಂದು ಮಗಳನ್ನು ನೋಡಿದ ಮೇಲೆ ಎಲ್ಲಿ ಅಂತ ಗೊತ್ತಾಯಿತು.

ರಂಜಾನ್ ಶುರುವಾಯಿತು. ಹೊರಗೆ ಇನ್ನೂ ಹಿಮದ ಗುಡ್ಡೆಗಳು ಕಪ್ಪಾಗಿ ಕೂತಿದ್ದವು. ನಸುಕಿಗೆ ಎದ್ದು ಸಹರಿ ಉಂಡು, ಹಗಲೆಲ್ಲ ರೋಜಾ ಎಂಬ ಉಪವಾಸವಿದ್ದು, ಸೂರ್ಯ ಮುಳುಗಿದ ಮೇಲೆ ಖರ್ಜೂರ ತಿಂದು ಗಂಜಿ ಕುಡಿಯುವ ತಿಂಗಳು. ಹಗಲು ಸಪ್ಪಗೆ, ಕತ್ತಲಾದ ಮೇಲೆ ಲವಲವಿಕೆ. “ಸೀ? ವಿ ಆರ್ ಆಲ್ ವ್ಯಾಂಪೈರ್ಸ್ ನೌ,” ಎಂದು ಮಗಳು ಮೊದಲ ದಿನವೇ ಹೇಳಿದಳು. ಅವಳ ಅಪ್ಪ ಗಂಜಿ ನೆತ್ತಿಗೇರುವ ಹಾಗೆ ನಕ್ಕರು. ನಾನು ಅವಳ ತೊಡೆಗೆ ಒಂದು ಕೊಟ್ಟೆ.

ಎರಡನೆಯ ವಾರಕ್ಕೆ ನನಗೆ ಅದು ತಮಾಷೆಯಾಗಿ ಉಳಿಯಲಿಲ್ಲ. ಅವಳು ಶಾಲೆಯಿಂದ ಬಂದವಳೇ ಕಿಟಕಿಯ ಬ್ಲೈಂಡ್ಸ್ ಎಳೆದು ಮಲಗುತ್ತಿದ್ದಳು. ಬೆಳಕಿಗೆ ತಲೆನೋವು ಅನ್ನುತ್ತಿದ್ದಳು. ಕಾರಿನಲ್ಲಿ ಕೂತರೆ ಬಿಸಿಲು ಬೀಳುವ ಕಡೆಗೆ ಜಾಕೆಟ್ ಅಡ್ಡ ಹಿಡಿಯುತ್ತಿದ್ದಳು. ಮುಖ ಹಿಟ್ಟು ಬಳಿದಂತೆ ಬಿಳುಚಿಕೊಂಡಿತ್ತು, ತುಟಿಗೂ ಕೆನ್ನೆಗೂ ಬಣ್ಣದಲ್ಲಿ ವ್ಯತ್ಯಾಸ ಇರಲಿಲ್ಲ. ಮೆಟ್ಟಿಲು ಹತ್ತಿದರೆ ಮಧ್ಯದಲ್ಲಿ ನಿಂತು ಗೋಡೆಗೆ ಕೈ ಕೊಡುತ್ತಿದ್ದಳು. ಸಂಜೆ ಫೋನಿನಲ್ಲಿ ಅಜಾನ್ ಆದ ಕೂಡಲೇ ನಾವು ಖರ್ಜೂರಕ್ಕೆ ಕೈ ಹಾಕಿದರೆ ಅವಳು ಫ್ರೀಜರ್‌ಗೆ ಕೈ ಹಾಕುತ್ತಿದ್ದಳು. ಸಮೋಸ ಬೇಡ, ಹಣ್ಣು ಬೇಡ, ಲೋಟದ ತುಂಬ ಐಸ್. ಆ ಕಟಕಟ ಶಬ್ದ ಕೇಳಿದರೆ ನನಗೆ ಆ ಸಿನಿಮಾದ ಹಲ್ಲುಗಳೇ ಕಣ್ಣ ಮುಂದೆ ಬರುತ್ತಿದ್ದವು.

ಗಂಡನಿಗೆ ಹೇಳಿದೆ. ಅವರು ದಿನಾ ರೂಟ್ ಒನ್‌ನಲ್ಲಿ ಕಮ್ಯೂಟ್ ಮಾಡಿ ಸುಸ್ತಾದ ಮನುಷ್ಯ.

“ರೀ, ಅವಳನ್ನ ನೋಡಿದ್ರಾ? ಆ ಪಿಶಾಚಿ ಸಿನಿಮಾ ನೋಡಿದ ಮೇಲೆ ಹಿಂಗಾಗಿದ್ದಾಳೆ.”

“ರೋಜಾದಲ್ಲಿ ಯಾರು ಫ್ರೆಶ್ ಆಗಿರ್ತಾರೆ? ನನ್ನ ಮುಖ ನೋಡು. ಟೀನೇಜ್ ಕಣೆ, ಎಲ್ಲಾ ಒಂದು ಫೇಸ್ ಅಷ್ಟೇ.”

ನಾನು ಓದಿದವಳು. ಪಿಶಾಚಿ ಇಲ್ಲ ಅಂತ ಹಗಲು ಗೊತ್ತಿರುತ್ತದೆ. ಆದರೂ ಅವಳು ಮಲಗಿದಾಗ ಪಕ್ಕದಲ್ಲಿ ಕೂತು ದುವಾ ಓದಿ ಮುಖದ ಮೇಲೆ ಊದುತ್ತಿದ್ದೆ. ಒಮ್ಮೆ ಹಾಗೆ ಬಗ್ಗಿದಾಗ ಅವಳ ಕುತ್ತಿಗೆಯ ನರ ಜೋರುಜೋರಾಗಿ ಹೊಡೆದುಕೊಳ್ಳುತ್ತಿದ್ದುದು ಕಂಡಿತು. ಮಲಗಿದವಳ ನಾಡಿ ಓಡಿ ಬಂದವಳ ಹಾಗೆ ಯಾಕೆ ಹೊಡೆಯಬೇಕು? ಆ ಕುತ್ತಿಗೆಯ ಮೇಲೆ ಗುರುತು ಏನಾದರೂ ಇದೆಯೋ ಅಂತ ಕೂದಲು ಸರಿಸಿ ನೋಡಿದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ನೋಡಿದ್ದು ನಿಜ.

ಅಷ್ಟು ಭಯದ ನಡುವೆಯೂ ನನಗೊಂದು ಹೆಮ್ಮೆ ಇತ್ತು. ಅವಳು ಒಂದೂ ರೋಜಾ ಬಿಟ್ಟಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳು ರೋಜಾ ಇಡುವಂತಿಲ್ಲ, ನಮಾಜೂ ಇಲ್ಲ. ತಿನ್ನಬಹುದು. ಆದರೆ ನಮ್ಮ ಮನೆಗಳಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಗಂಡಸರ ಎದುರಿಗೆ ತಿನ್ನುವುದಿಲ್ಲ. ನಾನು ಹುಡುಗಿಯಾಗಿದ್ದಾಗ ಅಮ್ಮ ಏನೂ ಕೇಳುತ್ತಿರಲಿಲ್ಲ. ಅಡುಗೆಮನೆಯ ಅಕ್ಕಿ ಡಬ್ಬದ ಹಿಂದೆ ಒಂದು ಮುಚ್ಚಿದ ತಟ್ಟೆ ಇಟ್ಟಿರುತ್ತಿದ್ದಳು, ಅಷ್ಟೇ. ನಾನು ಬಾಗಿಲಿಗೆ ಬೆನ್ನು ಹಾಕಿ ನಾಲ್ಕು ತುತ್ತು ನುಂಗಿ, ಬಾಯಿ ಒರೆಸಿಕೊಂಡು, ಉಪವಾಸವಿದ್ದವಳ ಮುಖ ಮಾಡಿಕೊಂಡು ಹೊರಗೆ ಬರುತ್ತಿದ್ದೆ. ಆ ಪದ್ಧತಿಯನ್ನು ನಾನು ಅಮೆರಿಕಕ್ಕೂ ಹೊತ್ತು ತಂದೆ. ಮಗಳು ದೊಡ್ಡವಳಾದ ಮೇಲಿನ ಮೊದಲ ರಂಜಾನಿನಲ್ಲಿ, “ಆ ದಿನ ಬಂದರೆ ಸಹರಿಗೆ ಏಳಬೇಡ. ನಾನು ತಿಳಿದುಕೊಳ್ತೀನಿ. ವಾಷಿಂಗ್ ಮೆಷೀನ್ ಮೇಲೆ ಡಬ್ಬಿ ಇಟ್ಟಿರ್ತೀನಿ,” ಎಂದಿದ್ದೆ. ಕಳೆದ ವರ್ಷ, ಅದರ ಹಿಂದಿನ ವರ್ಷ, ಹಾಗೇ ನಡೆದಿತ್ತು.

ಈ ವರ್ಷ ಡಬ್ಬಿ ಕಪಾಟಿನಿಂದ ಇಳಿಯಲೇ ಇಲ್ಲ. ಅವಳು ಪ್ರತಿದಿನ ಸಹರಿಗೆ ಎದ್ದಳು. ಎದ್ದು ಬಂದು, ಮೇಜಿಗೆ ತಲೆಯಿಟ್ಟು, ಎರಡು ತುತ್ತು ತಿಂದು, ನಮಾಜು ಮಾಡಿ ಹೋದಳು. ಎಷ್ಟು ಶ್ರದ್ಧೆ ಅಂದುಕೊಂಡೆ. ಮೈಸೂರಿನ ಅಕ್ಕನಿಗೆ ಫೋನಿನಲ್ಲಿ ಹೇಳಿದೆ, ಅಂಗಡಿಗೆ ಬರುವ ನಮ್ಮವರಿಗೆ ಹೇಳಿದೆ. ಮಗಳು ಕೇಳಿಸಿಕೊಳ್ಳುವ ಹಾಗೂ ಹೇಳಿದೆ.

ಇಪ್ಪತ್ತೈದನೆಯ ರೋಜಾದ ದಿನ, ಶುಕ್ರವಾರ, ನನಗೆ ರಜೆ. ಈದ್ ಮುಂದಿತ್ತು, ಮನೆ ಗುಡಿಸಲು ಹೊರಟೆ. ಮಗಳು ಶಾಲೆಯಲ್ಲಿದ್ದಳು. ಅವಳ ಕ್ಲಾಸೆಟ್‌ನಲ್ಲಿ, ಚಳಿಗಾಲದ ಬೂಟುಗಳ ಹಿಂದೆ, ಗಂಟು ಕಟ್ಟಿದ ಒಂದು ಕಪ್ಪು ಕಸದ ಚೀಲ ಸಿಕ್ಕಿತು. ಬಿಚ್ಚಿದೆ. ಒಳಗೆ ಮೂರು ಟವೆಲುಗಳಿದ್ದವು. ಎರಡು ಒಣಗಿ ಗಟ್ಟಿಯಾಗಿದ್ದವು, ಒಂದು ಇನ್ನೂ ಒದ್ದೆಯಾಗಿತ್ತು. ಎಲ್ಲವೂ ರಕ್ತ.

ಓದುವವರಿಗೆ ಈಗಾಗಲೇ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ನಾನು ದಡ್ಡಿಯಲ್ಲ. ಆ ಯೋಚನೆ ಬಂತು, ಬಂದ ಕ್ಷಣವೇ ಹೋಯಿತು. ಮುಟ್ಟಾಗಿರಲು ಸಾಧ್ಯವಿಲ್ಲ, ಅವಳು ರೋಜಾ ಇದ್ದಾಳೆ. ಇವತ್ತು ನಸುಕಿಗೆ ನನ್ನ ಪಕ್ಕದಲ್ಲೇ ನಿಂತು ನಮಾಜು ಮಾಡಿದ್ದಾಳೆ. ಅಂದ ಮೇಲೆ ಇದು ಬೇರೆ ಯಾವುದೋ ರಕ್ತ. ಈ ಲೆಕ್ಕ ನನಗೆ ಎಷ್ಟು ಸರಿ ಕಂಡಿತೆಂದರೆ, ಎರಡನೆಯ ಸಲ ಆ ಕಡೆ ತಿರುಗಿಯೂ ನೋಡಲಿಲ್ಲ.

ಉಳಿದದ್ದು ಒಂದೇ. ಆ ಹುಡುಗ ತನ್ನ ರಕ್ತ ತಾನೇ ಕೊಟ್ಟ ಹಾಗೆ ಇವಳೂ ಏನೋ ಮಾಡಿಕೊಳ್ಳುತ್ತಿದ್ದಾಳೆ. ಮೈ ಕೊಯ್ದುಕೊಳ್ಳುವ ಮಕ್ಕಳ ಬಗ್ಗೆ ಶಾಲೆಯಿಂದ ಈಮೇಲ್ ಬಂದಿದ್ದು ನೆನಪಾಯಿತು. ಕ್ಲಾಸೆಟ್ ಮುಂದೆ ನೆಲದ ಮೇಲೇ ಕೂತುಬಿಟ್ಟೆ. ಅಷ್ಟು ಹೆದರಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಅವಳು ಬಸ್ಸಿಳಿದು ಬಾಗಿಲು ತೆಗೆದಾಗ ನಾನು ಅಲ್ಲೇ ನಿಂತಿದ್ದೆ.

“ತೋರಿಸು ಕೈ.”

“ವಾಟ್?”

“ಕೈ ತೋರಿಸೇ ಅಂದ್ರೆ!” ಸ್ವೆಟರಿನ ತೋಳನ್ನು ನಾನೇ ಮೇಲೆ ಎಳೆದೆ. ಎರಡೂ ಕೈ ಸ್ವಚ್ಛ, ಒಂದು ಗೀರೂ ಇಲ್ಲ. ತಣ್ಣಗಿದ್ದವು, ಉಗುರುಗಳು ಕಾಗದದಂತೆ ಬಿಳಿ. ಕುತ್ತಿಗೆ ನೋಡಿದೆ. ಏನೂ ಇಲ್ಲ. “ಆ ಚೀಲದಲ್ಲಿರೋದು ಏನು? ಎಲ್ಲಿಂದ ಬಂತು ಆ ರಕ್ತ?”

ಅವಳ ಬಾಯಿ ತೆರೆಯಿತು. ಏನೋ ಹೇಳಲು ಹೊರಟಳು ಅಂತ ಈಗ ಅನ್ನಿಸುತ್ತದೆ. ಆದರೆ ನಾನು ಬಿಡಲಿಲ್ಲ. “ಆ ದರಿದ್ರ ಸಿನಿಮಾ! ಅದನ್ನ ನೋಡಿದ ದಿನದಿಂದ ನೀನು ನೀನಾಗಿಲ್ಲ. ಮೂರನೇದು ನೋಡೋದು ಬೇಡ, ಈ ಮನೇಲಿ ಇನ್ನು ಅದರ ಹೆಸರೂ ಎತ್ತಬಾರದು,” ಎಂದು ಕಿರುಚಿದೆ. ಅವಳ ಲ್ಯಾಪ್‌ಟಾಪನ್ನು ಕಿತ್ತುಕೊಂಡು ನನ್ನ ಸೀರೆಗಳ ಸೂಟ್‌ಕೇಸಿನಲ್ಲಿಟ್ಟು ಬೀಗ ಹಾಕಿದೆ.

“ನೋಸ್‌ಬ್ಲೀಡ್ ಅಮ್ಮೀ, ದಟ್ಸ್ ಆಲ್,” ಎಂದು ಅವಳು ಮೆಟ್ಟಿಲ ಮೇಲೆ ಕೂತು ಹೇಳಿದಳು. ಅಳಲಿಲ್ಲ. ಅಳುವುದಕ್ಕೂ ಅವಳಲ್ಲಿ ಶಕ್ತಿ ಇರಲಿಲ್ಲ. ನಾನದನ್ನು ಹಟ ಅಂದುಕೊಂಡೆ.

ಮೂಗಿನ ರಕ್ತಕ್ಕೆ ಯಾರಾದರೂ ಚೀಲ ಕಟ್ಟಿ ಬಚ್ಚಿಡುತ್ತಾರಾ? ಸಂಜೆ ಗಂಡನಿಗೆ ಟವೆಲುಗಳನ್ನು ತೋರಿಸಿದೆ. ಅವರ ಮುಖವೂ ಇಳಿದುಹೋಯಿತು. ಸೋಮವಾರ ಶಾಲೆಯ ಕೌನ್ಸೆಲರ್‌ಗೆ ಫೋನ್ ಮಾಡುವುದು ಅಂತ ತೀರ್ಮಾನಿಸಿದೆವು. ಅಲ್ಲಿಯವರೆಗೆ ನಾನು ಮನೆಯ ಚಾಕು, ಕತ್ತರಿ, ಬ್ಲೇಡುಗಳನ್ನೆಲ್ಲ ಒಟ್ಟುಮಾಡಿ ಕಾರಿನ ಡಿಕ್ಕಿಯಲ್ಲಿಟ್ಟೆ. ಈರುಳ್ಳಿ ಹೆಚ್ಚಲು ಗರಾಜಿಗೆ ಹೋಗಿ ಚಾಕು ತರುತ್ತಿದ್ದೆ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಅನ್ನುತ್ತಾರಲ್ಲ, ಅದು ಇದೇ.

ಶನಿವಾರ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಗೆಳತಿಯ ಮನೆಯಲ್ಲಿ ಇಫ್ತಾರ್ ಇತ್ತು. ಇಪ್ಪತ್ತಾರನೆಯ ರೋಜಾ. ಮಗಳನ್ನು ಮನೆಯಲ್ಲಿ ಒಬ್ಬಳೇ ಬಿಡಲು ಭಯವಾಗಿ ಎಳೆದುಕೊಂಡು ಹೋದೆ. ಗೆಳತಿಯ ಪಕ್ಕದ ಮನೆಯವರು ಧಾರವಾಡದ ಕಡೆಯ ಒಬ್ಬ ಡಾಕ್ಟರಮ್ಮ, ಮಕ್ಕಳ ವೈದ್ಯೆ. ರೋಜಾ ಇಡುವವರಲ್ಲ, ಆದರೆ ಪ್ರತಿವರ್ಷ ಶೇಂಗಾ ಹೋಳಿಗೆ ಹಿಡಿದುಕೊಂಡು ಇಫ್ತಾರಿಗೆ ಬರುತ್ತಾರೆ. ಹೆಂಗಸರೆಲ್ಲ ಬೇಸ್‌ಮೆಂಟಿನಲ್ಲಿ ಕೂತಿದ್ದೆವು. ಯಾರೋ, “ಮಗಳು ಯಾಕೆ ಇಷ್ಟು ಸೊರಗಿದಾಳೆ?” ಎಂದರು.

ಭಯವನ್ನು ಮುಚ್ಚಲು ನನಗೆ ಸಿಕ್ಕಿದ್ದು ನನ್ನ ಹೆಮ್ಮೆ. “ಇಪ್ಪತ್ತಾರು ರೋಜಾ ಆಂಟಿ, ಒಂದೂ ಬಿಟ್ಟಿಲ್ಲ,” ಎಂದೆ.

“ಮಾಷಾ ಅಲ್ಲಾಹ್,” ಎಂದರು ಎಲ್ಲರೂ. ಅಲ್ಲಿದ್ದ ಹೆಂಗಸರಿಗೆಲ್ಲ ಆ ಲೆಕ್ಕ ಗೊತ್ತಿತ್ತು. ಯಾರೂ ಕೇಳಲಿಲ್ಲ. ನಾವು ಕೇಳುವವರಲ್ಲ.

ಡಾಕ್ಟರಮ್ಮ ಮಾತ್ರ ತಟ್ಟೆ ಕೆಳಗಿಟ್ಟರು. “ಇಪ್ಪತ್ತಾರು ದಿವಸದಾಗ ಒಂದೂ ಬಿಟ್ಟಿಲ್ಲಾ? ಹದಿನೈದು ವರ್ಷದ ಹುಡುಗಿ ಅದಾಳ, ನಡುವ ನಾಕ್ ದಿವಸ ಬಿಡಬೇಕಲ್ಲವಾ?”

ನನಗೆ ಮೊದಲು ಬಂದದ್ದು ಸಿಟ್ಟು. ಎಲ್ಲರ ಎದುರಿಗೆ ಇದೇನು ಮಾತು ಅಂತ. ಅಷ್ಟರಲ್ಲಿ ಅವರು ಮೂಲೆಯಲ್ಲಿ ಐಸ್ ಅಗಿಯುತ್ತಿದ್ದ ನನ್ನ ಮಗಳ ಹತ್ತಿರ ಹೋಗಿದ್ದರು.

“ಬರ್ಫ ಭಾಳ ತಿಂತಿಯೇನು, ಪುಟ್ಟಿ? ದಿನಾ? ಇಲ್ಲಿ ನೋಡು, ಮ್ಯಾಲೆ ನೋಡು.” ಹೆಬ್ಬೆರಳಿನಿಂದ ಅವಳ ಕೆಳರೆಪ್ಪೆಯನ್ನು ಎಳೆದರು. ನಾನೂ ನೋಡಿದೆ. ಕೆಂಪಗಿರಬೇಕಾದ ಒಳಭಾಗ ಬಿಳಿಯಾಗಿತ್ತು. ಡಾಕ್ಟರಮ್ಮ ಅವಳ ಕಿವಿಯಲ್ಲಿ ಏನೋ ಕೇಳಿದರು. ಮಗಳು ನನ್ನ ಕಡೆ ಒಮ್ಮೆ ನೋಡಿ, ತಲೆ ಬಗ್ಗಿಸಿ, ಹೌದೆಂದು ತಲೆಯಾಡಿಸಿದಳು.

“ಈಗಿಂದೀಗ ದವಾಖಾನಿಗೆ ಕರ್ಕೊಂಡು ನಡೀರಿ,” ಎಂದರು ನನಗೆ. “ಸೋಮವಾರ ಅಂತ ಕೂಡಬ್ಯಾಡ್ರಿ. ನಾನೂ ಬರ್ತೀನಿ.”

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಒಬ್ಬ ಗಂಡಸು ನರ್ಸ್ ಬಂದು, ಹವಾಮಾನ ಕೇಳುವಷ್ಟು ಸಲೀಸಾಗಿ, ರಕ್ತ ಯಾವಾಗಿನಿಂದ ಹೋಗುತ್ತಿದೆ, ದಿನಕ್ಕೆ ಎಷ್ಟು ಪ್ಯಾಡ್, ಎಂದು ಕೇಳಿದ. ನನ್ನ ಗಂಡ ಬಾಗಿಲ ಕಡೆ ಹೆಜ್ಜೆ ಹಾಕಿದವರು ಅಲ್ಲೇ ನಿಂತು ಗೋಡೆಯ ಗಡಿಯಾರ ನೋಡತೊಡಗಿದರು. ಮಗಳು ಎಲ್ಲಕ್ಕೂ ಉತ್ತರ ಕೊಟ್ಟಳು. ಚಳಿಗಾಲದಿಂದ ಜಾಸ್ತಿಯಾಗಿತ್ತು, ರಂಜಾನಿಗೆ ಹತ್ತು ದಿನ ಮುಂಚೆ ಶುರುವಾದದ್ದು ಸರಿಯಾಗಿ ನಿಂತೇ ಇಲ್ಲ. ಇಷ್ಟನ್ನೂ ಅವಳು ಒಬ್ಬ ಅಪರಿಚಿತನಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಹದಿನೈದು ವರ್ಷ ಜೊತೆಗಿದ್ದ ನನಗೆ ಯಾವ ಭಾಷೆಯಲ್ಲೂ ಹೇಳಿರಲಿಲ್ಲ.

ರಕ್ತದ ರಿಪೋರ್ಟು ಬಂದಾಗ ಡಾಕ್ಟರ್ ಕುರ್ಚಿ ಎಳೆದುಕೊಂಡು ಕೂತರು. ಡಾಕ್ಟರು ಕೂತರೆ ಹೆದರಬೇಕು ಅಂತ ನನಗೆ ಗೊತ್ತು. ರಕ್ತದಲ್ಲಿ ಇರಬೇಕಾದ ಹಿಮೋಗ್ಲೋಬಿನ್ ಅರ್ಧವೂ ಉಳಿದಿಲ್ಲ, ಹೃದಯ ಅದಕ್ಕೇ ಅಷ್ಟು ಓಡುತ್ತಿದೆ, ಇನ್ನೂ ಕೆಲವು ದಿನ ಹೀಗೇ ಹೋಗಿದ್ದರೆ ಅದು ಸೋಲುತ್ತಿತ್ತು ಎಂದರು. ಬಿಳುಪು, ತಲೆನೋವು, ಏದುಸಿರು, ಐಸ್ ತಿನ್ನುವ ಹುಚ್ಚು, ಎಲ್ಲಕ್ಕೂ ಕಾರಣ ಒಂದೇ, ಮೈಯಲ್ಲಿ ಕಬ್ಬಿಣವಿಲ್ಲ. ದಿನಕ್ಕೆ ಎಷ್ಟು ಡಬ್ಬಿ ಕಬ್ಬಿಣದ ಮಾತ್ರೆ ನನ್ನ ಕೈ ದಾಟಿ ಊರವರ ಮನೆಗೆ ಹೋಗುತ್ತದೆ! ದೀಪದ ಬುಡದಲ್ಲಿ ಕತ್ತಲೆ.

“ಹಾಗಿದ್ದೂ ರೋಜಾ ಯಾಕೆ ಇಟ್ಟೆ?” ಅವಳ ಅಪ್ಪ ಕಾಫಿ ತರಲು ಹೋದಾಗ ಕೇಳಿದೆ. ರೇಗುವ ದನಿ ಬರಲಿಲ್ಲ.

“ಐ ಲುಕ್ಡ್ ಇಟ್ ಅಪ್,” ಎಂದಳು. ಹತ್ತು ದಿನ ಮೀರಿದರೆ ಅದು ಮುಟ್ಟಲ್ಲ, ಕಾಯಿಲೆಯ ಲೆಕ್ಕ, ಆಗ ರೋಜಾನೂ ಇಡಬೇಕು ನಮಾಜೂ ಮಾಡಬೇಕು ಅಂತ ಎಲ್ಲೋ ಓದಿಕೊಂಡಿದ್ದಳು. ಮಧ್ಯೆ ಯಾವ ದಿನ ಮುಟ್ಟು, ಯಾವ ದಿನ ಕಾಯಿಲೆ ಅನ್ನುವ ಲೆಕ್ಕ ತಪ್ಪಿತ್ತು.

“ಕಾಯಿಲೆ ಆದವರು ರೋಜಾ ಬಿಡಬಹುದಲ್ಲೇ, ಹುಚ್ಚಿ! ನನ್ನ ಒಂದು ಮಾತು ಕೇಳಬಾರದಿತ್ತಾ?”

ಅವಳು ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. “ಯು ಟೋಲ್ಡ್ ಎವ್ರಿವನ್. ಒಂದೂ ಬಿಟ್ಟಿಲ್ಲ, ಒಂದೂ ಬಿಟ್ಟಿಲ್ಲ. ಯು ವರ್ ಸೋ ಪ್ರೌಡ್, ಅಮ್ಮೀ.”

ಆ ಎರಡು ಪದಗಳನ್ನು ಮಾತ್ರ ಅವಳು ಕನ್ನಡದಲ್ಲಿ ಹೇಳಿದ್ದಳು, ನನ್ನದೇ ರಾಗದಲ್ಲಿ. ನಾನು ಹಾಸಿಗೆಯ ಕಂಬಿ ಹಿಡಿದುಕೊಂಡೆ. ಪಿಶಾಚಿಯನ್ನು ಹುಡುಕುತ್ತಾ ಅವಳ ಕುತ್ತಿಗೆ ನೋಡಿದ್ದೆ. ಅವಳ ರಕ್ತ ಹೀರಿದ್ದರಲ್ಲಿ ನನ್ನ ಬಾಯಿಯ ಪಾಲೂ ಇತ್ತು.

ರಕ್ತದ ಚೀಲ ಬಂತು. ಕಂಬಕ್ಕೆ ನೇತುಹಾಕಿದರು. ಕೊಳವೆಯಲ್ಲಿ ಕೆಂಪು ಇಳಿಯುತ್ತಾ ಬಂದು ಅವಳ ತೋಳು ಮುಟ್ಟಿತು. ಮೊದಲ ಹದಿನೈದು ನಿಮಿಷ ನರ್ಸ್ ಪಕ್ಕದಲ್ಲೇ ನಿಂತ, ಮೈಗೆ ಒಗ್ಗದಿದ್ದರೆ ಆಗಲೇ ಗೊತ್ತಾಗುವುದಂತೆ. ಆ ಹದಿನೈದು ನಿಮಿಷ ನನಗೆ ಬರುವ ದುವಾಗಳೆಲ್ಲ ಖಾಲಿಯಾದವು. ಮಗಳು ಚೀಲವನ್ನೇ ನೋಡುತ್ತಿದ್ದಳು.

“ಸಮ್‌ಬಡಿ ಜಸ್ಟ್ ಗೇವ್ ಇಟ್,” ಎಂದಳು. “ಲೈಕ್ ಹಿಮ್.”

ಯಾರ ಬಗ್ಗೆ ಹೇಳುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು. ಓಡಿಹೋದವನು ಹಿಂತಿರುಗಿ ಬಂದ ಆ ಹುಡುಗ. ಗಂಡನನ್ನು ಮನೆಗೆ ಕಳಿಸಿ ಸೂಟ್‌ಕೇಸಿನ ಬೀಗ ತೆಗೆಸಿದೆ. ಮಾರನೆಯ ದಿನ ಮಧ್ಯಾಹ್ನ, ಎರಡನೆಯ ಚೀಲ ಇಳಿಯುವಾಗ, ಇಬ್ಬರೂ ಒಂದೇ ಹಾಸಿಗೆಯಲ್ಲಿ ಒರಗಿ ಮೂರನೆಯ ಭಾಗ ನೋಡಿದೆವು. ರಂಜಾನಿನಲ್ಲಿ ಸಿನಿಮಾ. ಅರ್ಧಕ್ಕರ್ಧ ನಾನು ಕಣ್ಣು ಮುಚ್ಚಿಕೊಂಡಿದ್ದೆ. “ಕೊನೆಗೆ ಮನುಷ್ಯ ಆಗ್ತಾನೇನೇ?” ಎಂದು ಮತ್ತೆ ಮತ್ತೆ ಕೇಳಿದೆ. “ವಾಚ್, ಅಮ್ಮೀ,” ಎಂದಳು.

ಕೊನೆಯ ರೋಜಾದ ದಿನ ಅವಳು ಮನೆಯಲ್ಲಿದ್ದಳು. ರಕ್ತ ನಿಲ್ಲಲು ಮಾತ್ರೆ ಕೊಟ್ಟಿದ್ದರು. ಮಧ್ಯಾಹ್ನ ನಾನು ಅನ್ನ, ಮಟನ್ ಸಾರು, ಒಂದು ಮೊಟ್ಟೆ ಬಡಿಸಿಕೊಂಡು, ಅಭ್ಯಾಸಬಲದಿಂದ ವಾಷಿಂಗ್ ಮೆಷೀನ್ ಇರುವ ಕೋಣೆಯ ಕಡೆ ಹೊರಟೆ. ಎರಡು ಹೆಜ್ಜೆ ಇಟ್ಟು ನಿಂತೆ. ತಿರುಗಿ ಬಂದು ತಟ್ಟೆಯನ್ನು ಊಟದ ಮೇಜಿನ ಮೇಲೆ, ಕಿಟಕಿಯ ಹತ್ತಿರ, ನೇರ ಬಿಸಿಲಿನಲ್ಲಿ ಇಟ್ಟೆ. ಎದುರಿನ ಕುರ್ಚಿಯಲ್ಲಿ ಅವಳ ಅಪ್ಪ ರೋಜಾದಲ್ಲಿ, ಲ್ಯಾಪ್‌ಟಾಪ್ ಮುಂದೆ ಕೂತಿದ್ದರು.

ಮಗಳು ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು.

“ಕೂತ್ಕೋ, ತಿನ್ನು,” ಎಂದೆ. ನನ್ನ ಅಮ್ಮ ಎಂದೂ ಕೇಳದ, ನಾನು ಎಂದೂ ಕೇಳದ ಪ್ರಶ್ನೆಯನ್ನು ಅವಳಪ್ಪನ ಎದುರಿಗೇ ಕೇಳಿದೆ. “ಇವತ್ತು ಹೇಗಿದೆ ಬ್ಲೀಡಿಂಗ್? ಕಡಿಮೆ ಆಯ್ತಾ?”

“ಅಮ್ಮೀ!” ಎಂದಳು.

ಅವಳ ಅಪ್ಪ ತಲೆ ಎತ್ತಲಿಲ್ಲ. ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದುಕೊಂಡು ಸಿಪ್ಪೆ ಬಿಡಿಸಿ, ತೊಳೆಗಳನ್ನು ಅವಳ ತಟ್ಟೆಯ ಅಂಚಿಗೆ ಜೋಡಿಸತೊಡಗಿದರು. “ಅಮ್ಮ ಕೇಳ್ತಿದ್ದಾರಲ್ಲ, ಹೇಳಮ್ಮ,” ಎಂದರು.

ಅವಳಿಗೆ ತಡೆಯಲಾರದಷ್ಟು ನಾಚಿಕೆಯಾಯಿತು. ಕತ್ತಿನಿಂದ ಶುರುವಾಗಿ, ಗಲ್ಲ ದಾಟಿ, ಕಿವಿಯ ತುದಿಯವರೆಗೆ ಅವಳ ಮುಖ ಕೆಂಪಾಯಿತು. ಚಳಿಗಾಲ ಕಳೆದ ಮೇಲೆ ಆ ಮುಖದಲ್ಲಿ ನಾನು ಕೆಂಪು ನೋಡಿದ್ದು ಅದೇ ಮೊದಲು. ಅದರಲ್ಲಿ ಅರ್ಧ ಯಾರದೋ ಗುರುತಿಲ್ಲದವರ ರಕ್ತ. ಬಿಸಿಲು ಬೀಳುತ್ತಿತ್ತು, ಅವಳು ಜಾಕೆಟ್ ಅಡ್ಡ ಹಿಡಿಯಲಿಲ್ಲ. ನಾನು ಅಡುಗೆಮನೆಗೆ ಓಡಿಹೋಗಿ ನಲ್ಲಿ ಬಿಟ್ಟುಕೊಂಡು ಜೋರಾಗಿ ಅತ್ತೆ.